ನಸುಗುನ್ನಿ ಕೆಲಸ ಮಾಡುತ್ತದೆ, ತೊಡಕಿರುವುದೇ ಅಲ್ಲಿ

ಆಯುರ್ವೇದ ಔಷಧಿಯ ಜಾಹೀರಾತಿಗೆ ಸರ್ಕಾರದ ಮುಂಗಡ ಒಪ್ಪಿಗೆ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಏಳು ವರ್ಷದೊಳಗೆ ನಾಲ್ಕು ಉತ್ತರ ಬಂದಿವೆ. 2018ರ ಡಿಸೆಂಬರ್‌ನಲ್ಲಿ ಔಷಧ ನಿಯಮಗಳಿಗೆ 170ನೇ ನಿಯಮ ಸೇರಿಸಿ ‘ಬೇಕು’ ಎಂದರು. 2024ರ ಜುಲೈ 1ರಂದು ಕೇಂದ್ರ ಆಯುಷ್ ಸಚಿವಾಲಯ ಆ ನಿಯಮವನ್ನೇ ಕೈಬಿಟ್ಟಿತು, ಅಂದರೆ ‘ಬೇಡ’. ಮರುತಿಂಗಳೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಮತ್ತೆ ‘ಬೇಕು’. ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಹೂಡಿದ್ದ ಆ ಮೊಕದ್ದಮೆ 2025ರ ಆಗಸ್ಟ್‌ನಲ್ಲಿ ಮುಗಿಯುವಾಗ ತಡೆಯೂ ತೆರವಾಯಿತು, ಮತ್ತೆ ‘ಬೇಡ’.

ಇದರ ಬಿಸಿ ತಟ್ಟುವುದು ದಿಲ್ಲಿಯಲ್ಲಲ್ಲ. ಬೆಳಗಿನ ಪತ್ರಿಕೆಯ ಮಡಿಕೆಯೊಳಗಿನ ಕರಪತ್ರದಲ್ಲಿ, ಮೊಬೈಲಿಗೆ ಬರುವ ವಿಡಿಯೊದಲ್ಲಿ, ಸಂತೆಯ ಬದಿಯ ಗಿಡಮೂಲಿಕೆ ಅಂಗಡಿಯಲ್ಲಿ ತಟ್ಟುತ್ತದೆ. ಕೈ ನಡುಕ ನಿಲ್ಲಿಸುವ ನಸುಗುನ್ನಿ ಬೀಜ, ಮರೆವು ಕಳೆಯುವ ಎಲೆ, ನರಕ್ಕೆ ಬಲ ಕೊಡುವ ಬೇರು ಎಲ್ಲವೂ ಅಲ್ಲಿ ಸಿಗುತ್ತವೆ. ನಡುನಡುವೆ ‘ಅಲ್ಝೈಮರ್‌ಗೆ ಗಿಡಮೂಲಿಕೆಯಲ್ಲಿ ಮದ್ದು ಪತ್ತೆ’ ಎಂಬ ಸುದ್ದಿಯೂ ಬರುತ್ತದೆ. ಒಬ್ಬರು ಎಲ್ಲವೂ ಬೊಗಳೆ ಎನ್ನುತ್ತಾರೆ, ಇನ್ನೊಬ್ಬರು ಎಲ್ಲವೂ ಸಾಬೀತಾದದ್ದು ಎನ್ನುತ್ತಾರೆ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಮನೆಯ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ಯಾರ ಮಾತು ಕೇಳಬೇಕು?

ಎರಡೂ ಮಾತು ತಪ್ಪು, ಆದರೆ ಬೇರೆ ಬೇರೆ ಕಾರಣಕ್ಕೆ. ಒಂದೊಂದೇ ಗಿಡ ಹಿಡಿದು ನೋಡಿದರೆ ಇದು ಬಿಡಿಸಿಕೊಳ್ಳುತ್ತದೆ.

ಅರಳು ಮರಳು ಅಲ್ಲ, ಕಾಯಿಲೆ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ಮುದುಕರು ಮರೆಯುವುದು, ನಡುಗುವುದು ವಯಸ್ಸಿನ ಸಹಜ ಲಕ್ಷಣ ಎಂದೇ ಬಹಳ ಮನೆಗಳು ನಂಬಿವೆ. ಹಾಗಲ್ಲ. ಮಿದುಳಿನ ನರಕೋಶಗಳು ವರ್ಷಗಟ್ಟಲೆ ನಿಧಾನವಾಗಿ ಸಾಯುತ್ತ ಹೋಗುವ ಕಾಯಿಲೆಗಳಿವೆ. ಅಲ್ಝೈಮರ್‌ನಲ್ಲಿ ಮೊದಲು ಪೆಟ್ಟು ಬೀಳುವುದು ನೆನಪಿಗೆ ಸಂಬಂಧಿಸಿದ ಭಾಗಕ್ಕೆ. ಕಂಪವಾತ ಎಂದು ನಾವು ಕರೆಯುವ ಪಾರ್ಕಿನ್ಸನ್‌ನಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳಿಗೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ.

ಪಾರ್ಕಿನ್ಸನ್‌ನಲ್ಲಿ ಕೈ ನಡುಗತೊಡಗುವ ಹೊತ್ತಿಗೆ ಆ ಕೋಶಗಳ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಸತ್ತ ಕೋಶವನ್ನು ಬದುಕಿಸುವ ಮದ್ದು ಇಂದಿಗೂ ಯಾವ ಪದ್ಧತಿಯಲ್ಲೂ ಇಲ್ಲ, ಅಲೋಪಥಿಯಲ್ಲೂ ಇಲ್ಲ. ಪಾರ್ಕಿನ್ಸನ್‌ಗೆ ಇರುವುದು ಲಕ್ಷಣ ತಗ್ಗಿಸುವ ಔಷಧಿಗಳು. ‘ಗುಣವಾಗುತ್ತದೆ’ ಎಂಬುದಕ್ಕೂ ‘ಲಕ್ಷಣ ಕಡಿಮೆಯಾಗುತ್ತದೆ’ ಎಂಬುದಕ್ಕೂ ಇರುವ ಅಂತರವನ್ನು ಜಾಹೀರಾತು ಬೇಕೆಂದೇ ಮಸುಕು ಮಾಡುತ್ತದೆ.

ಇನ್ನೊಂದು ಸಂಗತಿ ಇದೆ, ಜಾಹೀರಾತು ಅದನ್ನು ಹೇಳುವುದಿಲ್ಲ. ಮರೆವೆಲ್ಲ ಅಲ್ಝೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್ ಕುಗ್ಗಿರುವುದು, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಧಾನವಾಗಿ ಸೇರಿದ ರಕ್ತ, ಇವೆಲ್ಲ ಮರೆವು ತರುತ್ತವೆ ಮತ್ತು ಇವಕ್ಕೆ ಚಿಕಿತ್ಸೆ ಇದೆ. ನಡುಕವೂ ಹಾಗೆಯೇ. ತಲೆಸುತ್ತಿಗೆಂದು ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ಅರೆತಲೆನೋವಿಗೆ ಕೊಡುವ ಫ್ಲೂನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಗುಳಿಗೆಗಳು ಪಾರ್ಕಿನ್ಸನ್‌ನಂಥದೇ ನಡುಕ, ಬಿಗಿತ ತರಬಲ್ಲವು. ಗುಳಿಗೆ ನಿಲ್ಲಿಸಿದರೆ ಬಹುತೇಕರಲ್ಲಿ ಅದು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಇಂಥವರು ಅದೇ ಹೊತ್ತಿಗೆ ಯಾವುದಾದರೂ ಪುಡಿ ತೆಗೆದುಕೊಂಡಿದ್ದರೆ ‘ಪುಡಿಯಿಂದಲೇ ಕಂಪವಾತ ವಾಸಿಯಾಯಿತು’ ಎಂಬ ಕಥೆ ಊರು ತುಂಬ ಹಬ್ಬುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಆದರೂ ಕಥೆ ತಪ್ಪಾಗಿರುತ್ತದೆ.

ಬೀಜದೊಳಗಿನ ರಾಸಾಯನಿಕ

ಗಿಡಮೂಲಿಕೆಗಳ ಪೈಕಿ ಅತಿ ಗಟ್ಟಿ ಆಧಾರ ಇರುವುದು ನಸುಗುನ್ನಿಗೆ. ಹೊಲದ ಬೇಲಿಗೆ ಹಬ್ಬಿ, ಕಾಯಿಯ ಮೇಲಿನ ಕಂದು ರೋಮ ಮೈಗೆ ತಾಗಿದರೆ ಉರಿ ತುರಿಕೆ ಎಬ್ಬಿಸುವ ಬಳ್ಳಿ ಇದು. ಸಂಸ್ಕೃತದಲ್ಲಿ ಆತ್ಮಗುಪ್ತಾ, ಕಪಿಕಚ್ಛು. ಅಂಗಡಿಯಲ್ಲಿ ಹಿಂದಿ ಹೆಸರಿನ ‘ಕೌಂಚ್ ಬೀಜ’ ಎಂದು ಕೇಳಿದರೂ ಕೊಡುತ್ತಾರೆ.

ಈ ಬೀಜದಲ್ಲಿ ಲೀವೋಡೋಪಾ ಇದೆ. ಪಾರ್ಕಿನ್ಸನ್ ರೋಗಿಗೆ ನರತಜ್ಞರು ಬರೆದುಕೊಡುವ ಗುಳಿಗೆಯಲ್ಲಿರುವುದೂ ಅದೇ. ಮಿದುಳಿಗೆ ಬೇಕಿರುವುದು ಡೋಪಮೈನ್, ಆದರೆ ರಕ್ತದಿಂದ ಮಿದುಳಿಗೆ ದಾಟುವ ಗಡಿಯಲ್ಲಿ ಡೋಪಮೈನ್‌ಗೆ ಪ್ರವೇಶವಿಲ್ಲ. ಲೀವೋಡೋಪಾಗೆ ಇದೆ. ಅದು ದಾಟಿ ಒಳಗೆ ಹೋಗಿ ಡೋಪಮೈನ್ ಆಗುತ್ತದೆ. 1937ರಲ್ಲೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ನಸುಗುನ್ನಿ ಬೀಜದಿಂದ ಈ ವಸ್ತುವನ್ನು ಬೇರ್ಪಡಿಸಿದ್ದರು. ಅದರಿಂದ ಕಂಪವಾತ ತಗ್ಗುತ್ತದೆ ಎಂದು ವಿಯೆನ್ನಾದ ವೈದ್ಯರು ತೋರಿಸಿದ್ದು 1961ರಲ್ಲಿ. ನಡುವಿನ ಕಾಲು ಶತಮಾನ ಮದ್ದು ಕೈಯಲ್ಲೇ ಇತ್ತು, ಯಾವ ಕಾಯಿಲೆಗೆ ಎಂಬುದು ಗೊತ್ತಿರಲಿಲ್ಲ.

ಆಮೇಲಿನ ಪ್ರಯೋಗಗಳೂ ಹುಸಿಯಲ್ಲ. 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳಿಗೆ ಒಂದು ದಿನ ಗುಳಿಗೆ, ಮತ್ತೊಂದು ದಿನ ನಸುಗುನ್ನಿಯಿಂದ ತಯಾರಿಸಿದ ಪುಡಿ ಕೊಟ್ಟು ಹೋಲಿಸಿದರು. 30 ಗ್ರಾಂ ಪುಡಿ ಕೊಟ್ಟಾಗ ಸುಮಾರು 35 ನಿಮಿಷಕ್ಕೆ ಮೈ ಸಡಿಲವಾಯಿತು, ಗುಳಿಗೆಗೆ ಸುಮಾರು 69 ನಿಮಿಷ ಹಿಡಿಯಿತು. ಪರಿಣಾಮ ಉಳಿದ ಹೊತ್ತೂ ಪುಡಿಯಲ್ಲೇ ಹೆಚ್ಚು. ಬೊಲಿವಿಯಾದಲ್ಲಿ ಹುರಿದ ಬೀಜದ ಪುಡಿಯನ್ನು 18 ರೋಗಿಗಳಿಗೆ ಒಂದೊಂದು ಡೋಸ್ ಕೊಟ್ಟು ನೋಡಿದ 2017ರ ಅಧ್ಯಯನದ ಫಲಿತಾಂಶವೂ ಚೆನ್ನಾಗಿತ್ತು.

ಜಾಹೀರಾತಿನ ಉದ್ಧರಣೆ ಇಲ್ಲಿಗೆ ನಿಲ್ಲುತ್ತದೆ. ಅದೇ ತಂಡ ಮರುವರ್ಷ 14 ರೋಗಿಗಳಿಗೆ ದಿನವೂ, ಎಂಟು ವಾರ ಪುಡಿ ಕೊಟ್ಟಿತು. ಅವರಲ್ಲಿ ಏಳು ಮಂದಿ ಪುಡಿಯನ್ನು ಅರ್ಧಕ್ಕೇ ಬಿಟ್ಟರು. ನಾಲ್ವರಿಗೆ ಹೊಟ್ಟೆಯ ತೊಂದರೆ, ಮೂವರಿಗೆ ಚಲನೆಯೇ ಹದಗೆಟ್ಟಿತು. ಬಿಡದೆ ಮುಂದುವರಿಸಿದವರಲ್ಲಿ ಪುಡಿ ಗುಳಿಗೆಯಷ್ಟೇ ಕೆಲಸ ಮಾಡಿತು. ಒಂದು ದಿನದ ಪ್ರಯೋಗ ಒಂದು ಉತ್ತರ ಕೊಟ್ಟರೆ ಎರಡು ತಿಂಗಳಿನದು ಬೇರೆಯದೇ ಕೊಡುತ್ತದೆ, ಮತ್ತು ಈ ಕಾಯಿಲೆ ಇರುವುದು ಹತ್ತಿಪ್ಪತ್ತು ವರ್ಷ.

ಬೊಲಿವಿಯಾದ ಪ್ರಯೋಗದ ಹಿನ್ನೆಲೆಯನ್ನೂ ಮರೆಯಬಾರದು. ಗುಳಿಗೆ ಕೊಳ್ಳಲು ಶಕ್ತಿಯಿಲ್ಲದ ರೋಗಿಗಳಿಗೆ ದಾರಿ ಹುಡುಕುವುದು ಅವರ ಉದ್ದೇಶವಾಗಿತ್ತು. ನಮ್ಮಲ್ಲಿ ಲೀವೋಡೋಪಾ–ಕಾರ್ಬಿಡೋಪಾ ಗುಳಿಗೆ ಅತ್ಯಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಬೆಲೆ ಕೆಲವೇ ರೂಪಾಯಿ. ಅಚ್ಚುಕಟ್ಟಾಗಿ ಪ್ಯಾಕ್ ಮಾಡಿದ ಪುಡಿ ಅನೇಕ ಸಲ ಗುಳಿಗೆಗಿಂತ ದುಬಾರಿ.

ಚಮಚದ ಲೆಕ್ಕ

ಈಗ ತಕ್ಕಡಿ ಹಿಡಿಯೋಣ. ನಸುಗುನ್ನಿ ಬೀಜದಲ್ಲಿ ಲೀವೋಡೋಪಾ ಸಾಮಾನ್ಯವಾಗಿ ಶೇ 2ರಿಂದ 6ರವರೆಗೆ ಇರುತ್ತದೆ. ತಳಿ, ಮಣ್ಣು, ಕೊಯ್ಲಿನ ಹದ, ಸಂಗ್ರಹಿಸಿಟ್ಟ ಕಾಲ ಎಲ್ಲವೂ ಈ ಅಂಕಿಯನ್ನು ಏರಿಳಿಸುತ್ತವೆ. ಚಹಾ ಚಮಚ ಮಟ್ಟಸ ತುಂಬಿದರೆ ಪುಡಿ ಸುಮಾರು 3 ಗ್ರಾಂ, ಗೋಪುರ ಮಾಡಿದರೆ 5 ಗ್ರಾಂ. ಕಡಿಮೆ ಸಾರದ ಬೀಜದ 3 ಗ್ರಾಂ ಪುಡಿಯಲ್ಲಿ 60 ಮಿಲಿಗ್ರಾಂ ಲೀವೋಡೋಪಾ, ಹೆಚ್ಚು ಸಾರದ ಬೀಜದ 5 ಗ್ರಾಂನಲ್ಲಿ 300. ಎರಡನ್ನೂ ‘ಒಂದು ಚಮಚ’ ಎಂದೇ ಕರೆಯುತ್ತೇವೆ. ಐದು ಪಟ್ಟು ವ್ಯತ್ಯಾಸ.

ಡಬ್ಬಿಯ ಮೇಲೆ ಅಂಕಿ ಬರೆದಿದ್ದರೆ ಸಮಸ್ಯೆ ತೀರಿತೆ? ಅಮೆರಿಕದಲ್ಲಿ ಮಾರುವ ನಸುಗುನ್ನಿ ಉತ್ಪನ್ನಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಯಾರಕರೇ ಹೇಳಿದ ಒಂದು ಪ್ರಮಾಣದಲ್ಲಿ ಲೀವೋಡೋಪಾ 2 ಮಿಲಿಗ್ರಾಂನಿಂದ 241 ಮಿಲಿಗ್ರಾಂವರೆಗೆ ಕಂಡುಬಂತು. ಒಂದು ಡಬ್ಬಿ ಮುಗಿದು ಬೇರೆ ಕಂಪನಿಯದು ತಂದರೆ, ಔಷಧಿ ನಿಲ್ಲಿಸಿದಂತೆಯೂ ಆಗಬಹುದು, ನೂರು ಪಟ್ಟು ಏರಿಸಿದಂತೆಯೂ ಆಗಬಹುದು.

ಇದರ ಮೇಲೆ ಕಾರ್ಬಿಡೋಪಾದ ಆಟ. ಲೀವೋಡೋಪಾ ಒಂದನ್ನೇ ನುಂಗಿದರೆ ಅದರ ದೊಡ್ಡ ಪಾಲು ಮಿದುಳು ತಲುಪುವ ಮುನ್ನವೇ ಕರುಳು, ರಕ್ತದಲ್ಲೇ ಡೋಪಮೈನ್ ಆಗಿ ವ್ಯರ್ಥವಾಗುತ್ತದೆ. ವ್ಯರ್ಥವಾದದ್ದು ಸುಮ್ಮನೂ ಇರುವುದಿಲ್ಲ, ಓಕರಿಕೆ ತರುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಗುಳಿಗೆಯಲ್ಲಿ ಜೊತೆಗಿಟ್ಟ ಕಾರ್ಬಿಡೋಪಾ ಈ ಸೋರಿಕೆಗೆ ಬಿರಡೆ ಹಾಕುತ್ತದೆ, ಆದ್ದರಿಂದ ನಾಲ್ಕೈದು ಪಟ್ಟು ಕಡಿಮೆ ಲೀವೋಡೋಪಾ ಸಾಕಾಗುತ್ತದೆ. ಲಂಡನ್ ಪ್ರಯೋಗದ 30 ಗ್ರಾಂ ಪುಡಿಯಲ್ಲಿದ್ದ ಸುಮಾರು 1,000 ಮಿಲಿಗ್ರಾಂ ಲೀವೋಡೋಪಾವನ್ನು 200 ಮಿಲಿಗ್ರಾಂನ ಗುಳಿಗೆಗೆ ಎದುರಾಗಿ ಇಟ್ಟಿದ್ದು ಇದೇ ಲೆಕ್ಕದಿಂದ. ಭಾರತೀಯ ಆಯುರ್ವೇದ ಫಾರ್ಮಕೋಪಿಯ (ಅಧಿಕೃತ ಔಷಧಕೋಶ) ಹೇಳುವ ಬೀಜಚೂರ್ಣದ ಪ್ರಮಾಣ 3ರಿಂದ 6 ಗ್ರಾಂ. ಅಷ್ಟರಲ್ಲಿ, ಗುಳಿಗೆ ಇಲ್ಲದೆ, ನಡುಕ ತಗ್ಗುವುದು ಅಪರೂಪ. ‘ಪುಡಿ ತಗೊಂಡೆ, ಏನೂ ಆಗಲಿಲ್ಲ’ ಎಂಬ ದೂರಿಗೆ ಸಾಮಾನ್ಯ ಕಾರಣ ಇದು.

ಆದರೆ ಗುಳಿಗೆಯ ಜೊತೆಗೆ ಪುಡಿ ಸೇರಿದಾಗ ಲೆಕ್ಕ ತಿರುಗಿಬೀಳುತ್ತದೆ. ದಿನಕ್ಕೆ ಮೂರು ಸಲ 100/25ರ ಗುಳಿಗೆ ನುಂಗುವವರ ಮೈಯಲ್ಲಿ 300 ಮಿಲಿಗ್ರಾಂ ಲೀವೋಡೋಪಾದ ಜೊತೆ 75 ಮಿಲಿಗ್ರಾಂ ಕಾರ್ಬಿಡೋಪಾ ಇರುತ್ತದೆ. ಅಂಥವರು ಯಾರಿಗೂ ಹೇಳದೆ ದಿನಕ್ಕೆರಡು ಚಮಚ ಪುಡಿ ಸೇರಿಸಿದರು ಎನ್ನಿ. ಶೇ 4ರ ಸಾರವಿದ್ದರೆ ಆ ಪುಡಿಯಿಂದ 240ರಿಂದ 400 ಮಿಲಿಗ್ರಾಂ ಬಂತು. ಗುಳಿಗೆಯ ಕಾರ್ಬಿಡೋಪಾ ಪುಡಿಯ ಲೀವೋಡೋಪಾವನ್ನೂ ಕಾಯುತ್ತದೆ, ಅದಕ್ಕೆ ನಮ್ಮದು ಪರರದು ಎಂಬ ಭೇದವಿಲ್ಲ. ಡೋಸ್ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಕೈಕಾಲು, ಕತ್ತು ಅಂಕೆಯಿಲ್ಲದೆ ಅಲುಗುವುದು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವುದು, ಇಲ್ಲದ ಮನುಷ್ಯರು ಕೋಣೆಯಲ್ಲಿ ಕಾಣುವುದು ಶುರುವಾಗುತ್ತದೆ. ಪುಡಿಯ ಸುದ್ದಿ ಗೊತ್ತಿಲ್ಲದ ವೈದ್ಯರು ಇದನ್ನು ಕಾಯಿಲೆ ಮುಂದುವರಿದ ಸೂಚನೆ ಎಂದೇ ಓದುತ್ತಾರೆ.

ಹಾಲು, ಕಬ್ಬಿಣ, ಬಿ ಕಾಂಪ್ಲೆಕ್ಸ್

ಗ್ರಂಥೋಕ್ತ ಶೋಧನೆಯಲ್ಲಿ ಬೀಜವನ್ನು ಬಟ್ಟೆಯ ಗಂಟು ಕಟ್ಟಿ ಹಾಲಿನಲ್ಲಿ ಇಳಿಬಿಟ್ಟು ಸುಮಾರು ಮೂರು ತಾಸು ಬೇಯಿಸಿ, ಸಿಪ್ಪೆ ಸುಲಿದು, ಒಣಗಿಸಿ ಪುಡಿ ಮಾಡುತ್ತಾರೆ. ಇದಕ್ಕೆ ಅರ್ಥವಿದೆ. ಹಸಿ ಬೀಜದಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ವಸ್ತುಗಳಿವೆ, ಬೇಯಿಸಿದರೆ ಅವು ತಗ್ಗುತ್ತವೆ. ಆದರೆ ಲೀವೋಡೋಪಾದ ಒಂದು ಪಾಲೂ ಬೇಯಿಸಿದ ದ್ರವಕ್ಕೆ ಬಿಟ್ಟುಕೊಂಡು ಹೋಗುತ್ತದೆ, ಗಾಳಿ ತಾಗಿ ಕಪ್ಪಾಗಿ ಕೆಡುತ್ತದೆ. ಹೊಟ್ಟೆಗೆ ಹಿತವಾದ ಪುಡಿ ನಡುಕಕ್ಕೆ ದುರ್ಬಲ, ನಡುಕಕ್ಕೆ ಬಲವಾದ ಪುಡಿ ಹೊಟ್ಟೆಗೆ ಕಠಿಣ. ಮನೆಯಲ್ಲಿ ಮಾಡಿದ ಪುಡಿ ಒಂದೊಂದು ಸಲ ಒಂದೊಂದು ಥರ ಇರುವುದು ಇದರಿಂದಲೇ.

ಪುಡಿಯನ್ನು ಹಾಲಿನೊಂದಿಗೆ ಕುಡಿಯುವ ರೂಢಿಯೂ ಇದೆ. ಹಾಲು, ಬೇಳೆ, ಮೊಟ್ಟೆ, ಮಾಂಸದ ಪ್ರೊಟೀನ್ ಜೀರ್ಣವಾಗಿ ಬರುವ ಅಮೈನೊ ಆಮ್ಲಗಳು ಮತ್ತು ಲೀವೋಡೋಪಾ ಕರುಳಿನಲ್ಲೂ ಮಿದುಳಿನ ಗಡಿಯಲ್ಲೂ ಒಂದೇ ಬಾಗಿಲಿಗೆ ನುಗ್ಗುತ್ತವೆ. ಬಾಗಿಲು ಇಕ್ಕಟ್ಟು. ಗುಳಿಗೆಯನ್ನು ಊಟಕ್ಕೆ ಅರ್ಧ ತಾಸು ಮೊದಲು ಅಥವಾ ಒಂದು ತಾಸು ನಂತರ, ನೀರಿನೊಂದಿಗೆ ತೆಗೆದುಕೊಳ್ಳಿ ಎಂದು ಹೇಳುವುದು ಈ ಕಾರಣಕ್ಕೆ.

ಕಬ್ಬಿಣದ ಗುಳಿಗೆ ಲೀವೋಡೋಪಾಗೆ ಅಂಟಿಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ, ಎರಡರ ನಡುವೆ ಕನಿಷ್ಠ ಎರಡು ತಾಸಿನ ಅಂತರ ಇರಬೇಕು. ಬಿ6 ಜೀವಸತ್ವದ ಕಥೆ ಇನ್ನೂ ವಿಚಿತ್ರ. ಕಾರ್ಬಿಡೋಪಾ ಜೊತೆಗಿದ್ದರೆ ಅದರಿಂದ ತೊಂದರೆಯಿಲ್ಲ. ಬರೀ ಪುಡಿ ತೆಗೆದುಕೊಳ್ಳುವವರಲ್ಲಿ ಮಾತ್ರ ಅದು ಲೀವೋಡೋಪಾವನ್ನು ಮಿದುಳಿನ ಹೊರಗೇ ಬೇಗ ಕರಗಿಸಿಬಿಡುತ್ತದೆ. ನಮ್ಮ ಸೀಮೆಯಲ್ಲಿ ‘ಶಕ್ತಿಗೆ’ ಎಂದು ಯಾರು ಬೇಕಾದರೂ ಕೊಂಡು ನುಂಗುವ ಬಿ ಕಾಂಪ್ಲೆಕ್ಸ್‌ನಲ್ಲಿ ಬಿ6 ಇರುತ್ತದೆ.

ಅತಿ ಅಪಾಯದ ತಪ್ಪು ಮಾತ್ರ ಬೇರೆ: ‘ಇಂಗ್ಲಿಷ್ ಔಷಧಿ ಸಾಕು’ ಎಂದು ಗುಳಿಗೆಯನ್ನು ಒಂದೇ ದಿನ ನಿಲ್ಲಿಸಿ ಪುಡಿಗೆ ಬದಲಾಗುವುದು. ಡೋಪಮೈನ್ ಹಠಾತ್ತನೆ ಕುಸಿದರೆ ಮೈ ಮರದಂತೆ ಬಿಗಿದು, ಜ್ವರ ಏರಿ, ಪ್ರಜ್ಞೆ ಮಂಕಾಗುತ್ತದೆ. ಇದು ಪ್ರಾಣಕ್ಕೇ ಕುತ್ತು ತರಬಲ್ಲ ಸ್ಥಿತಿ, ಮನೆಮದ್ದಿನ ಸಮಯ ಅಲ್ಲ. ಓಕರಿಕೆ ಬಂತೆಂದು ಅಂಗಡಿಯಿಂದ ಮೆಟೊಕ್ಲೋಪ್ರಮೈಡ್ ತಂದು ನುಂಗಿಸಿದರೆ ಕಂಪವಾತ ಇನ್ನೂ ಕೆರಳುತ್ತದೆ, ಅದಕ್ಕೆ ವೈದ್ಯರು ಡೊಂಪೆರಿಡೋನ್ ಕಡೆಗೆ ಹೋಗುತ್ತಾರೆ. ಮೂತ್ರ, ಬೆವರು ಕಪ್ಪು ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ. ಅದು ಲೀವೋಡೋಪಾದ ಬಣ್ಣ, ಗುಳಿಗೆಯಿಂದಲೂ ಬರುತ್ತದೆ.

ಯಾವ ಬ್ರಾಹ್ಮಿ?

ಮರೆವಿನ ವಿಷಯಕ್ಕೆ ಬಂದರೆ ಬ್ರಾಹ್ಮಿ. ಮೊದಲ ತೊಡಕು ಹೆಸರಿನದು. ಕರ್ನಾಟಕದಲ್ಲಿ ಬ್ರಾಹ್ಮಿ ಎಂದರೆ ಬಹಳ ಕಡೆ ಒಂದೆಲಗ: ಉದ್ದ ತೊಟ್ಟು, ಅದರ ತುದಿಗೆ ದುಂಡಗಿನ ಒಂದೇ ಎಲೆ, ಚಟ್ನಿ, ತಂಬುಳಿಗೆ ಬಳಸುವಂಥದು. ವಿಜ್ಞಾನದ ವರದಿಗಳಲ್ಲಿ ಬರುವ ಬ್ರಾಹ್ಮಿ ನೀರುಬ್ರಾಹ್ಮಿ: ಜೌಗಿನಲ್ಲಿ ಹರಡುವ, ತೊಟ್ಟಿಲ್ಲದ ಸಣ್ಣ ದಪ್ಪ ಎಲೆಗಳ, ನಸುನೀಲಿ ಹೂವಿನ ಬೇರೆಯೇ ಗಿಡ. ಎರಡರ ಕುಟುಂಬ ಬೇರೆ, ಒಳಗಿನ ರಾಸಾಯನಿಕ ಬೇರೆ. ನೀರುಬ್ರಾಹ್ಮಿಯ ಪ್ರಯೋಗದ ಸುದ್ದಿ ಓದಿ ಒಂದೆಲಗದ ಪುಡಿ ತಂದರೆ ಆ ಪ್ರಯೋಗಕ್ಕೂ ನಿಮ್ಮ ಡಬ್ಬಿಗೂ ಸಂಬಂಧವಿಲ್ಲ.

ಎರಡನೆಯದು ಪ್ರಯೋಗ ಯಾರ ಮೇಲೆ ನಡೆದದ್ದು ಎಂಬುದು. ನೀರುಬ್ರಾಹ್ಮಿಯ ಸಾರವನ್ನು ದಿನಕ್ಕೆ ಸುಮಾರು 300 ಮಿಲಿಗ್ರಾಂನಂತೆ 12 ವಾರ ಕೊಟ್ಟ ಹಲವು ಅಧ್ಯಯನಗಳಲ್ಲಿ ನೆನಪು, ಗಮನ ಒಂದಿಷ್ಟು ಸುಧಾರಿಸಿದ್ದು ನಿಜ. ಆದರೆ ಅವರಲ್ಲಿ ಹೆಚ್ಚಿನವರು ಆರೋಗ್ಯವಂತರು. ಗಟ್ಟಿಮುಟ್ಟಾದ ಮನೆಗೆ ಸುಣ್ಣ ಬಳಿದರೆ ಕಳೆ ಬರುತ್ತದೆ, ಅಡಿಪಾಯ ಕುಸಿಯುತ್ತಿರುವ ಮನೆಗೆ ಅದೇ ಸುಣ್ಣ ಆಸರೆಯಾಗುವುದಿಲ್ಲ. ಅಲ್ಝೈಮರ್ ತಡೆಯುತ್ತದೆ, ನಿಲ್ಲಿಸುತ್ತದೆ ಎನ್ನಲು ಬೇಕಾದ ದೊಡ್ಡ ಪ್ರಯೋಗ ಅದರ ಹೆಸರಿನಲ್ಲಿ ಇಲ್ಲ. ಖಾಲಿ ಹೊಟ್ಟೆಯಲ್ಲಿ ಓಕರಿಕೆ, ಭೇದಿ ಆಗುವುದುಂಟು.

ಶಂಖಪುಷ್ಪಿಯ ಗೊಂದಲ ಇನ್ನೂ ದೊಡ್ಡದು. ಆ ಹೆಸರಲ್ಲಿ ಕನಿಷ್ಠ ಮೂರು ಗಿಡ ಮಾರಾಟವಾಗುತ್ತವೆ, ಅದರಲ್ಲಿ ನಮ್ಮ ವಿಷ್ಣುಕ್ರಾಂತಿಯೂ ಒಂದು. ಮೂರ್ಛೆರೋಗಕ್ಕೆ ಫೆನಿಟಾಯ್ನ್ ತೆಗೆದುಕೊಳ್ಳುವವರು ಶಂಖಪುಷ್ಪಿ ಸೇರಿದ ಔಷಧಿ ಕುಡಿದಾಗ ರಕ್ತದಲ್ಲಿ ಫೆನಿಟಾಯ್ನ್ ಇಳಿದು ಸೆಳವು ಮರುಕಳಿಸಿದ ವರದಿಗಳಿವೆ.

ಇಲಿಗೆ ಬಂದ ಗುಣ

2012ರಲ್ಲಿ ಅಶ್ವಗಂಧದ ಸುದ್ದಿ ಜಗತ್ತನ್ನೇ ಸುತ್ತಿತು, ಇಂದಿಗೂ ಸುತ್ತುತ್ತಿದೆ. ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಅಲ್ಝೈಮರ್ ಬರುವಂತೆ ತಳಿ ಮಾರ್ಪಡಿಸಿದ ಇಲಿಗಳಿಗೆ 30 ದಿನ ಅಶ್ವಗಂಧ ಬೇರಿನ ಸಾರ ಕೊಟ್ಟಾಗ, ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಜಮೆಯಾಗುವ ಅಮಿಲಾಯ್ಡ್ ಎಂಬ ವಸ್ತು ಇಳಿಯಿತು, ನಡವಳಿಕೆ ಸುಧಾರಿಸಿತು. ಸ್ವಾರಸ್ಯವೆಂದರೆ ಸಾರ ಕೆಲಸ ಮಾಡಿದ್ದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ: ರಕ್ತದಿಂದ ಅಮಿಲಾಯ್ಡನ್ನು ಹೀರಿ ತೆಗೆಯುವ ಒಂದು ಪ್ರೊಟೀನ್ ಅಲ್ಲಿ ಹೆಚ್ಚಿತ್ತು. ಅದು ಒಳ್ಳೆಯ ವಿಜ್ಞಾನ. ಆದರೆ ಇಂಥ ಇಲಿಗಳಲ್ಲಿ ಗುಣ ಕಂಡ ನೂರಾರು ವಸ್ತುಗಳು, ದೊಡ್ಡ ಕಂಪನಿಗಳ ಔಷಧಿಗಳೂ ಸೇರಿ, ಮನುಷ್ಯರಲ್ಲಿ ಸೋತಿವೆ. ಇಲಿಯದು ನಾವು ಹೇರಿದ ಕಾಯಿಲೆ, ಮನುಷ್ಯನದು ದಶಕಗಳ ಕಾಲ ತಾನಾಗಿ ಬೆಳೆದದ್ದು.

ಅಶ್ವಗಂಧ, ನಮ್ಮ ಹಿರೇಮದ್ದು, ನಿರುಪದ್ರವಿ ಎಂಬ ನಂಬಿಕೆಯೂ ಸಡಿಲವಾಗಿದೆ. ಕೆಲವರಲ್ಲಿ ಸೇವನೆ ಶುರುವಾದ ವಾರಗಳಲ್ಲಿ ಕಾಮಾಲೆ, ಯಕೃತ್ತಿಗೆ ಪೆಟ್ಟು ಕಂಡಿದೆ. ಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ, ಏರಿದ ಥೈರಾಯ್ಡ್ ಕೈ ನಡುಗಿಸುತ್ತದೆ. ನಡುಕಕ್ಕೆಂದು ತಂದ ಮದ್ದೇ ನಡುಕ ಹೆಚ್ಚಿಸುವ ಸಾಧ್ಯತೆ ಇದು. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಬೇರಿನ ಬದಲು ಅಗ್ಗದ ಎಲೆ ಬೆರೆಸಬೇಡಿ ಎಂದು ನಮ್ಮ ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಸೂಚಿಸಿತ್ತು.

ಅರಿಶಿನ, ಗಿಂಕೊಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ, ಅಲ್ಝೈಮರ್ ರೋಗಿಗಳಿಗೆ 24 ವಾರ ಕೊಟ್ಟ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಗಿಂಕೊ ಎಂಬ ಮರದ ಎಲೆಯ ಸಾರವನ್ನು ಅಮೆರಿಕದಲ್ಲಿ 75 ದಾಟಿದ 3,069 ಹಿರಿಯರ ಮೇಲೆ ಸುಮಾರು ಆರು ವರ್ಷ ಪರೀಕ್ಷಿಸಿದರು. 2008ರಲ್ಲಿ ಬಂದ ಫಲಿತಾಂಶ: ಡಿಮೆನ್ಷಿಯಾ ತಡೆಯುವುದಿಲ್ಲ.

ಎರಡು ಕಡೆಯ ವಾದ

ಗಿಡವನ್ನು ಒಂದು ರಾಸಾಯನಿಕಕ್ಕೆ ಇಳಿಸಬೇಡಿ ಎನ್ನುವುದು ಆಯುರ್ವೇದದ ವಾದ. ಕಂಪವಾತಕ್ಕೆ ಬರೀ ನಸುಗುನ್ನಿ ಕೊಡುವುದಿಲ್ಲ, ಶೋಧನ (ದೇಹಶುದ್ಧಿ), ಶಮನ (ಕಾಯಿಲೆ ತಗ್ಗಿಸುವ ಮದ್ದು), ಪಥ್ಯ ಎಲ್ಲ ಸೇರಿ ಚಿಕಿತ್ಸೆ ಎನ್ನುತ್ತಾರೆ. ಇದಕ್ಕೆ ಆಧಾರವಾಗಿ 2000ದಲ್ಲಿ ಪ್ರಕಟವಾದ 18 ರೋಗಿಗಳ ಅಧ್ಯಯನವನ್ನು ಮುಂದಿಡುತ್ತಾರೆ. ಶೋಧನ ಮಾಡಿಸಿಕೊಂಡು ನಂತರ ಮದ್ದು ತೆಗೆದುಕೊಂಡವರು ಬರೀ ಮದ್ದು ತೆಗೆದುಕೊಂಡವರಿಗಿಂತ ಹೆಚ್ಚು ಸುಧಾರಿಸಿದ್ದರು.

ಆ ಮದ್ದನ್ನು ಬಿಡಿಸಿ ನೋಡಿದರೆ ಕುತೂಹಲದ ಚಿತ್ರ ಸಿಗುತ್ತದೆ. ಹಸುವಿನ ಹಾಲಿನಲ್ಲಿ ನಸುಗುನ್ನಿ ಬೀಜ, ಅಶ್ವಗಂಧ ಮತ್ತು ಬಲಾ ಬೇರು, ಪಾರಸೀಕ ಯವಾನಿಯ (ಖುರಾಸಾನಿ ಓಮ) ಜಾತಿಯ ಬೀಜ. ಒಂದು ಡೋಸ್‌ನಲ್ಲಿ ಸುಮಾರು 200 ಮಿಲಿಗ್ರಾಂ ಲೀವೋಡೋಪಾ. ಪಾರಸೀಕ ಯವಾನಿಯ ಗುಂಪಿನ ಗಿಡಗಳಲ್ಲಿ ಅಟ್ರೊಪಿನ್‌ನ ಬಳಗದ ವಸ್ತುಗಳಿವೆ. ಲೀವೋಡೋಪಾ ಬರುವ ಮೊದಲು ಯುರೋಪಿನ ವೈದ್ಯರೂ ನಡುಕಕ್ಕೆ ಇವನ್ನೇ ಕೊಡುತ್ತಿದ್ದರು. ಅಂದರೆ ಹಳೆಯ ಸೂತ್ರ ಕುರುಡಾಗಿರಲಿಲ್ಲ. ಆದರೆ ಇದೇ ವಸ್ತುಗಳು ಮುದುಕರಲ್ಲಿ ಮರೆವು, ಗೊಂದಲ ಹೆಚ್ಚಿಸುತ್ತವೆ, ಮೂತ್ರ ಕಟ್ಟಿಸುತ್ತವೆ. ನಡುಕದ ಜೊತೆ ಮರೆವೂ ಇರುವ ರೋಗಿಗೆ ಆ ಸೂತ್ರ ಸಲ್ಲದು. ಪ್ರಯೋಗದಲ್ಲಿ ಹುಸಿಮದ್ದು ಪಡೆದ ಗುಂಪೂ ಇರಲಿಲ್ಲ. ಪಾರ್ಕಿನ್ಸನ್ ರೋಗಿಗಳು ಬರೀ ಭರವಸೆಯಿಂದಲೇ ಕೆಲಕಾಲ ಚುರುಕಾಗುತ್ತಾರೆ, ಆದ್ದರಿಂದ ಈ ಕೊರತೆ ಸಣ್ಣದಲ್ಲ.

ಚರಕ ಸಂಹಿತೆಯ ನಾಲ್ಕು ಮೇಧ್ಯ ರಸಾಯನಗಳನ್ನೂ ಉಲ್ಲೇಖಿಸುತ್ತಾರೆ: ಮಂಡೂಕಪರ್ಣಿ (ಒಂದೆಲಗ), ಯಷ್ಟಿಮಧು (ಜೇಷ್ಠಮಧು), ಗುಡೂಚಿ (ಅಮೃತಬಳ್ಳಿ), ಶಂಖಪುಷ್ಪಿ. ಅವು ಮೇಧಾಶಕ್ತಿ ಬೆಳೆಸಲು ಹೇಳಿದವು. 1906ರಲ್ಲಿ ಜರ್ಮನಿಯ ವೈದ್ಯರೊಬ್ಬರು ವಿವರಿಸಿದ ಕಾಯಿಲೆಗೆ ಅದೇ ಉತ್ತರ ಎಂದು ಚರಕನ ಬಾಯಿಂದ ಹೇಳಿಸುವುದು ಚರಕನಿಗೂ ನ್ಯಾಯವಲ್ಲ.

ನರತಜ್ಞರ ಪಾಳೆಯದಲ್ಲೂ ಅತಿರೇಕವಿದೆ. ‘ಗಿಡಮೂಲಿಕೆ ಎಲ್ಲ ಸುಳ್ಳು’ ಎಂದು ಗದರಿದರೆ ಆಗುವುದೊಂದೇ, ರೋಗಿ ಪುಡಿ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ಅಲ್ಝೈಮರ್‌ಗೆ ಇಂದು ಕೊಡುವ ಗ್ಯಾಲಂಟಮೈನ್ ಬಂದದ್ದೂ ಗಿಡದಿಂದಲೇ. ಕಾಕಸಸ್ ಪ್ರದೇಶದ ಹಿಮಹೂವಿನ ಗಡ್ಡೆಯಿಂದ 1950ರ ದಶಕದಲ್ಲಿ ಬೇರ್ಪಡಿಸಿದ ಆ ವಸ್ತುವಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಗಡ್ಡೆ ತಿನ್ನಿ ಎಂದು ಯಾರೂ ಹೇಳುವುದಿಲ್ಲ, 8 ಮಿಲಿಗ್ರಾಂನಿಂದ ಶುರುಮಾಡಿ ಏರಿಸಿ ಎನ್ನುತ್ತಾರೆ. ನಸುಗುನ್ನಿಯಲ್ಲೂ ಹಿಮಹೂವಿನಲ್ಲೂ ಇರುವುದು ನಿಜವಾದ ಮದ್ದೇ, ಅಂತರ ಇರುವುದು ಅಳತೆಯಲ್ಲಿ.

ನಿಯಮ ಹೋದರೂ ಕಾಯ್ದೆ ಇದೆ

170ನೇ ನಿಯಮ ಹೋಯಿತೆಂದರೆ ಬಾಯಿಗೆ ಬಂದದ್ದನ್ನು ಹೇಳಬಹುದು ಎಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಹಾಗೆಯೇ ಇದೆ. ಅದರ ಪಟ್ಟಿಯಲ್ಲಿ ಮಿದುಳಿನ ಕಾಯಿಲೆಗಳು, ನರಮಂಡಲದ ತೊಂದರೆಗಳು, ಪಾರ್ಶ್ವವಾಯು ಇವೆ. ಇವನ್ನು ಗುಣಪಡಿಸುತ್ತೇವೆ, ತಡೆಯುತ್ತೇವೆ ಎಂದು ಸಾರ್ವಜನಿಕರಿಗೆ ಜಾಹೀರಾತು ಕೊಡುವುದು ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಬದಲಾದದ್ದು ಇಷ್ಟು: ಹಿಂದೆ ಅಧಿಕಾರಿ ಜಾಹೀರಾತನ್ನು ಮೊದಲೇ ನೋಡುತ್ತಿದ್ದ, ಈಗ ಅಚ್ಚಾದ ಮೇಲೆ ಯಾರಾದರೂ ದೂರು ಕೊಡಬೇಕು. ಅಷ್ಟರಲ್ಲಿ ಡಬ್ಬಿ ಮನೆ ಸೇರಿರುತ್ತದೆ. ತಯಾರಕರೂ ಜಾಣರು, ‘ಅಲ್ಝೈಮರ್’ ಎಂದು ಬರೆಯುವುದಿಲ್ಲ, ‘ನೆನಪಿನ ಶಕ್ತಿಗೆ, ನರಗಳ ಚೈತನ್ಯಕ್ಕೆ’ ಎನ್ನುತ್ತಾರೆ. ಉಳಿದದ್ದನ್ನು ಓದುಗರೇ ತುಂಬಿಕೊಳ್ಳುತ್ತಾರೆ.

ಡಬ್ಬಿಯ ಮೇಲಿನ ಪರವಾನಗಿ ಸಂಖ್ಯೆಗೂ ಇಲ್ಲದ ಅರ್ಥ ಹಚ್ಚಬಾರದು. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಪಟ್ಟಿ ಮಾಡಿದ ಪ್ರಾಚೀನ ಗ್ರಂಥಗಳ ಸೂತ್ರದಂತೆ ತಯಾರಿಸಿದ ಔಷಧಿಗೆ ಗ್ರಂಥದ ಉಲ್ಲೇಖವೇ ಆಧಾರ, ಹೊಸದಾಗಿ ರೋಗಿಗಳ ಮೇಲೆ ಪ್ರಯೋಗ ಬೇಕಿಲ್ಲ. ಪರವಾನಗಿ ಇದೆ ಎಂದರೆ ತಯಾರಿಸಲು ಅನುಮತಿ ಇದೆ ಎಂದಷ್ಟೇ. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಐದರಲ್ಲೊಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮತ್ತು ಪಾದರಸ ನೇರವಾಗಿ ನರಗಳನ್ನೇ ಕೆಡಿಸುವ ಲೋಹಗಳು.

ದವಾಖಾನೆಗೆ ಒಯ್ಯಬೇಕಾದ್ದು

ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ಗೋ, ಜನ ಇಂದಿಗೂ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೋ, ಗದಗ, ಹಾವೇರಿಯ ಜಿಲ್ಲಾಸ್ಪತ್ರೆಗೋ ಹೋಗುವಾಗ ಹಿರಿಯರು ನುಂಗುವ ಎಲ್ಲ ಗುಳಿಗೆ, ಪುಡಿ, ಕಷಾಯದ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರು ಹೇಳಿದರೆ ಸಾಲದು. ಪುಡಿ ಎಂದಿನಿಂದ, ಎಷ್ಟು ಚಮಚ, ಗುಳಿಗೆಗೆ ಎಷ್ಟು ಹೊತ್ತಿನ ಅಂತರ, ನಡುಕ ಯಾವಾಗ ಹೆಚ್ಚು ಎಂದು ನಾಲ್ಕು ದಿನ ಚೀಟಿಯಲ್ಲಿ ಬರೆದಿಟ್ಟರೆ ವೈದ್ಯರಿಗೆ ಸ್ಕ್ಯಾನಿನಷ್ಟೇ ಉಪಯೋಗ. ಮರೆವಿನ ದೂರು ಇದ್ದರೆ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅಶ್ವಗಂಧ ತೆಗೆದುಕೊಳ್ಳುವವರ ಕಣ್ಣು, ಮೂತ್ರ ಹಳದಿಯಾದರೆ ಅಂದೇ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಿ. ನಸುಗುನ್ನಿ ಬಿಡಬೇಕೆಂದಿದ್ದರೆ ಮಾತ್ರ ತಟ್ಟನೆ ಬಿಡಬೇಡಿ, ಗುಳಿಗೆಯ ಪ್ರಮಾಣ ಸರಿಹೊಂದಿಸಿಕೊಂಡು ನಿಧಾನವಾಗಿ ಇಳಿಸಬೇಕು. ಅದರಲ್ಲಿರುವುದು ನಿಜವಾದ ಔಷಧಿ, ಅದಕ್ಕೇ ಈ ಎಚ್ಚರ.

ಗುಡ್ಡಕ್ಕೂ ಹೊಲಕ್ಕೂ

ಬೇಡಿಕೆ ಏರಿದರೆ ಮೊದಲು ಕಣ್ಣು ಬೀಳುವುದು ಕಪ್ಪತಗುಡ್ಡದ ಮೇಲೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಚಾಚಿಕೊಂಡ, ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡದ ಸುಮಾರು 244 ಚದರ ಕಿಲೋಮೀಟರ್ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಅನುಮತಿಯಿಲ್ಲದೆ ಬೇರು, ಬೀಜ ತರುವುದು ಕಾನೂನಿಗೆ ವಿರುದ್ಧ. ಬೇರಿಗಾಗಿ ಗಿಡ ಕಿತ್ತರೆ ಆ ಗಿಡ ಮುಗಿಯಿತು. ಬೀಜಕ್ಕಾಗಿ ಬಳ್ಳಿಯ ಕಾಯಿಯನ್ನೆಲ್ಲ ಬಿಡಿಸಿದರೆ ಮುಂದಿನ ವರ್ಷ ಹುಟ್ಟುವುದಿಲ್ಲ.

ಬೆಳೆಯಬಹುದಲ್ಲ? ಖಂಡಿತ. ಅಶ್ವಗಂಧ ಕಡಿಮೆ ಮಳೆಯಲ್ಲೂ ಬರುತ್ತದೆ, ನಸುಗುನ್ನಿಯ ರೋಮವಿಲ್ಲದ ಬಿಳಿ ತಳಿ ಹೊಲದಲ್ಲಿ ಹಬ್ಬಿಸಲು ತೊಂದರೆಯಿಲ್ಲ. ಅಡ್ಡಿ ಬೇರೆ. ನಸುಗುನ್ನಿ ಬೀಜ ಇಂದು ಮಾರಾಟವಾಗುವುದು ತೂಕದ ಮೇಲೆ. ಶೇ 2 ಸಾರದ ಕ್ವಿಂಟಲ್‌ಗೂ ಶೇ 6ರ ಕ್ವಿಂಟಲ್‌ಗೂ ದರ ಒಂದೇ ಆಗಿರುವವರೆಗೆ ರೈತ ಹೆಚ್ಚು ಇಳುವರಿಯ ತಳಿ ನೋಡುತ್ತಾನೆಯೇ ಹೊರತು ಹೆಚ್ಚು ಸಾರದ್ದನ್ನಲ್ಲ. ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ಅಳೆದು ದರ ಕಟ್ಟುವ ಪದ್ಧತಿ ನಮ್ಮ ರೈತರಿಗೆ ಹೊಸದಲ್ಲ. ನಸುಗುನ್ನಿಗೂ ಹಾಗೆ ಸಾರ ಅಳೆದು ಕೊಳ್ಳಬೇಕಾದರೆ ಕೊಳ್ಳುವವನಿಗೆ ಆ ಅಂಕಿ ಬೇಕಿರಬೇಕು, ಚೂರ್ಣದ ಕಾರ್ಖಾನೆಗೆ ಅದು ಬೇಕಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಸಸ್ಯಜನ್ಯ ಔಷಧಿ ಎಂಬ ಹೊಸ ವರ್ಗವನ್ನು ನಿಯಮಕ್ಕೆ ಸೇರಿಸಿತು. ಗಿಡದ ಶುದ್ಧೀಕರಿಸಿದ ಸಾರ, ಅದರಲ್ಲಿ ಕನಿಷ್ಠ ನಾಲ್ಕು ಘಟಕಗಳ ಅಳತೆ, ರೋಗಿಗಳ ಮೇಲಿನ ಪ್ರಯೋಗ, ಇಷ್ಟನ್ನು ಅದು ಬೇಡುತ್ತದೆ. ಆ ದಾರಿಯಲ್ಲಿ ಹೋಗುವ ಕಂಪನಿ ಒಂದೇ ಒಂದು ಬಂದರೂ, ಬೀಜದ ಚೀಲದ ಮೇಲೆ ತೂಕದ ಪಕ್ಕದಲ್ಲಿ ಶೇಕಡಾವಾರು ಬರೆಯುವಂತೆ ದಲಾಲರನ್ನು ಅದು ಮೊದಲು ಕೇಳಬೇಕಾಗುತ್ತದೆ.